ಎಸ್.ಟಿ. ಎಂದರೆ ಯಾವ ಸಂತರು?

ಮತ್ತೆ ಮಳೆ ಬಂದಿದೆ, ಮತ್ತೆ ಕೋರಮಂಗಲದಲ್ಲಿ ಮೊಣಕಾಲುದ್ದ ನೀರು ನಿಂತಿದೆ, ಮತ್ತೆ ಟಿ.ವಿ. ವರದಿಗಾರರು ಪ್ಯಾಂಟು ಮಡಚಿಕೊಂಡು ನೀರಿಗಿಳಿದಿದ್ದಾರೆ. ಉಳಿದದ್ದು ನಿಮಗೆ ಗೊತ್ತೇ ಇದೆ. ನನಗೆ ಕಿರಿಕಿರಿಯಾದದ್ದು ನೀರಿನಿಂದಲ್ಲ, ಪ್ರತಿ ಸಲವೂ ಅದರ ಜೊತೆ ತೇಲಿ ಬರುವ ‘ಅನಿರೀಕ್ಷಿತ’ ಎಂಬ ಪದದಿಂದ.

ನಾಲ್ಕನೇ ಬ್ಲಾಕಿನ ಮಗ್ಗುಲಲ್ಲಿ ಎಸ್.ಟಿ. ಬೆಡ್ ಬಡಾವಣೆ ಇದೆ. ನನ್ನ ಗೆಳೆಯನೊಬ್ಬ ಅಲ್ಲಿ ಮನೆ ಕೊಂಡು ಹದಿನೈದು ವರ್ಷವಾಯಿತು. ಎಸ್.ಟಿ. ಎಂದರೆ ಯಾರೋ ಸಂತರಿರಬೇಕು, ಹಿಂದೆ ಇಲ್ಲೊಂದು ಇಗರ್ಜಿ ಇದ್ದೀತು ಎಂದೇ ಅವನು ಬಹುಕಾಲ ನಂಬಿದ್ದ. ಅದು ಶ್ರೀನಿವಾಗಿಲು ಟ್ಯಾಂಕ್ ಬೆಡ್ ಎಂದು ತಿಳಿದದ್ದು ಅಡುಗೆಮನೆಗೆ ನೀರು ನುಗ್ಗಿದ ದಿನ. ಕನ್ನಡದಲ್ಲಿ ಹೇಳುವುದಾದರೆ, ಕೆರೆಯಂಗಳ ಬಡಾವಣೆ. ಈ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಹಾಲಿಗೆ ನೀರು ಬೆರೆಸುವವನು ಕ್ಯಾನಿನ ಮೇಲೆ ‘ನೀರು’ ಎಂದು ಬರೆಯುತ್ತಾನೆಯೇ? ಇಲ್ಲಿ ಬರೆದಿದ್ದಾರೆ. ನಾವು ಓದಲಿಲ್ಲ, ಅಷ್ಟೆ.

ಓದುವುದಾದರೂ ಹೇಗೆ? ಈ ಊರಿನ ಬಡಾವಣೆಗಳ ಹೆಸರುಗಳು ವೈದ್ಯರು ಬರೆದುಕೊಡುವ ರಕ್ತಪರೀಕ್ಷೆಗಳಂತಿವೆ. ಎಚ್‌ಎಸ್‌ಆರ್, ಎಚ್‌ಬಿಆರ್, ಎಚ್‌ಆರ್‌ಬಿಆರ್. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಹಾಕಿದಾಗ ಮಹಾರಾಜರ ಹೆಸರಾದರೂ ಸಿಕ್ಕಿತ್ತು. ಆಮೇಲೆ ಬಂದವರಿಗೆ ಹೆಸರಿಡುವಷ್ಟು ವ್ಯವಧಾನವಿರಲಿಲ್ಲ. ಹೊಸೂರು ರಸ್ತೆಗೂ ಸರ್ಜಾಪುರ ರಸ್ತೆಗೂ ನಡುವೆ ಇರುವುದು ಎಚ್‌ಎಸ್‌ಆರ್. ಊರಿಗೆ ರಸ್ತೆಯ ಹೆಸರಿಟ್ಟದ್ದಕ್ಕೋ ಏನೋ, ರಸ್ತೆಗಳೂ ಊರಿನಂತೆ ನಿಂತಲ್ಲೇ ನಿಂತುಬಿಟ್ಟಿವೆ. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳನ್ನು ಮೂರು ಅಕ್ಷರಕ್ಕಿಳಿಸಿದ ಮಿತವ್ಯಯ ನೋಡಿ: ತಾವರೆಯೂ ಹೋಯಿತು, ಕೆರೆಯೂ ಹೋಯಿತು, ‘ಟಿ’ ಉಳಿಯಿತು.

ಇದರಲ್ಲಿ ನಾವು ಹಳೆಯ ಕೈ. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದೆವು. ಅಂಬುಧಿ ಎಂದರೆ ಸಮುದ್ರ; ಈಗ ಅಲ್ಲಿ ಜನಸಮುದ್ರವಿದೆ, ಮಾತು ತಪ್ಪಿದೆವು ಎನ್ನುವಂತಿಲ್ಲ. ಪಕ್ಕದಲ್ಲಿ ಇಂದಿಗೂ ಟ್ಯಾಂಕ್ ಬಂಡ್ ರಸ್ತೆ ಇದೆ. ಏರಿ ಇದೆ, ಕೆರೆ ಇಲ್ಲ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕೋರಮಂಗಲದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೆರೆಯಂಗಳದಲ್ಲೇ ವಸತಿ ಸಮುಚ್ಚಯ ಕಟ್ಟಿ, ಕಟ್ಟಡಗಳಿಗೆ ಕಾವೇರಿ ಮೊದಲಾದ ನದಿಗಳ ಹೆಸರಿಟ್ಟರು. ಕೆರೆಯನ್ನು ಹೂತು, ಗೋರಿಯ ಮೇಲೆ ನದಿಯ ಹೆಸರು ಕೆತ್ತುವ ಕಾವ್ಯಪ್ರಜ್ಞೆ ಬೇರೆ ಯಾವ ನಗರಕ್ಕಿದೆ?

ಕಳೆದ ಮಳೆಯ ಮರುದಿನ ಗೆಳೆಯನ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ನೆಲದಿಂದ ಎರಡಡಿ ಎತ್ತರಕ್ಕೆ ಕಂದು ಗೆರೆ. ಅದರ ಕೆಳಗೆ ಇನ್ನೊಂದು, ಮಾಸಿದ್ದು, ಹಿಂದಿನ ವರ್ಷದ್ದು. ಮಗಳ ಎತ್ತರ ಗುರುತು ಹಾಕಿದ್ದ ಪೆನ್ಸಿಲ್ ಗೆರೆಗಳೂ ಅದೇ ಗೋಡೆಯಲ್ಲಿವೆ. ಆತನ ಹೆಂಡತಿ ಒದ್ದೆಯಾದ ಅಕ್ಕಿಯನ್ನು ಹಳೆಯ ಸೀರೆಯ ಮೇಲೆ ಹರವುತ್ತಾ, “ನಮ್ಮೂರಲ್ಲಿ ಕೆರೆ ಕೋಡಿ ಹರಿದರೆ ಗಂಗಮ್ಮನಿಗೆ ಪೂಜೆ ಮಾಡುತ್ತಿದ್ದೆವು. ಇಲ್ಲಿ ಯಾರಿಗೆ ಮಾಡಬೇಕು, ನೀವೇ ಹೇಳಿ” ಎಂದರು. ಕನ್ನಂಬಾಡಿ ತುಂಬಿದಾಗ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುವುದಿಲ್ಲವೇ? ನಮ್ಮ ನೆಲಮಾಳಿಗೆಗಳೂ ತುಂಬಿವೆ. ಮೊರ, ಅರಿಸಿನ, ಕುಂಕುಮ ನಾವೇ ಒದಗಿಸುತ್ತೇವೆ, ಅವರು ಒಂದು ಗಳಿಗೆ ಬಂದು ಹೋಗಲಿ.

ತಮಾಷೆ ಸಾಕು. ಒಂದು ಕೆರೆ ತುಂಬಿದರೆ ಕೋಡಿಯ ನೀರು ರಾಜಕಾಲುವೆ ಹಿಡಿದು ಮುಂದಿನ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ವರ್ತೂರಿಗೆ ಹೋಗುತ್ತಿತ್ತು. ತೂಬು ಎತ್ತಿ ಇಳಿಸಲು ನೀರುಗಂಟಿ ಇರುತ್ತಿದ್ದ. ಅಕ್ಷರ ಬರದ ಆತನಿಗೆ ನೀರು ಎಲ್ಲಿ ಹರಿಯುತ್ತದೆ ಎಂಬುದು ಗೊತ್ತಿತ್ತು. ನಕ್ಷೆ, ಉಪಗ್ರಹ, ಪದವಿ ಎಲ್ಲ ಇರುವವರಿಗೆ ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ. ಗೊತ್ತಿದ್ದೇ ಮಾಡಿದರು. ಕಾಲುವೆಯನ್ನು ಚರಂಡಿ ಮಾಡಿದರು, ಚರಂಡಿಯ ಮೇಲೆ ಚಪ್ಪಡಿ ಎಳೆದರು, ಚಪ್ಪಡಿಯ ಮೇಲೆ ಅಂಗಡಿಗೆ ಪರವಾನಗಿ ಕೊಟ್ಟರು. ಬೆಳ್ಳಂದೂರಿನಲ್ಲಿ ನೀರಿಗೇ ಬೆಂಕಿ ಬಿದ್ದಾಗಲೂ ಯಾರ ಮುಖವೂ ಬಿಸಿಯಾಗಲಿಲ್ಲ. ಸಹಿ ಹಾಕಿದವರು ನಿವೃತ್ತರಾಗಿ ಎತ್ತರದ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಸಾಲ ಮಾಡಿ ಕೊಂಡವನಿಗೆ ಒತ್ತುವರಿಯ ನೋಟಿಸು ಬರುತ್ತದೆ. ಅವನ ಮನೆಯಲ್ಲಿ ಪಾತ್ರೆ ತೊಳೆಯುವವಳ ಗುಡಿಸಲು ಕೊಚ್ಚಿಹೋದರೆ ಕೇಳಲು ಮೈಕು ಕೂಡ ಹೋಗುವುದಿಲ್ಲ.

ಗೆಳೆಯನ ಗೇಟಿನ ಮುಂದೆ ಮರಳಿನ ಮೂಟೆಗಳಿವೆ. ಮಳೆಗಾಲ ಮುಗಿದ ಮೇಲೆ ತೆಗೆಯುವುದೆಂದು ಮೂರು ವರ್ಷದ ಹಿಂದೆ ಇಟ್ಟದ್ದು. ಹೊರಡುವಾಗ ನೋಡಿದೆ, ಒಂದು ಮೂಟೆ ಹರಿದು ಅದರೊಳಗಿಂದ ಕೆಸುವಿನ ಗಿಡ ಎದ್ದಿತ್ತು. ಪತ್ರೊಡೆಗೆ ಆದೀತೆಂದು ಅವನ ಹೆಂಡತಿ ನಾಲ್ಕು ಎಲೆ ಕಿತ್ತು ನನ್ನ ಕೈಗೂ ಕೊಟ್ಟರು.