ಸಾಲ ಹೊದಿಸಿ ಸನ್ಮಾನ

ನಾನು ನಿವೃತ್ತನಾದಾಗ ಶಾಲೆಯವರು ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಹಾರ, ಶಾಲು, ಹಣ್ಣಿನ ಬುಟ್ಟಿ, ಗೋಳಗುಮ್ಮಟದ ಚಿತ್ರವಿರುವ ಫಲಕ. ಎಲ್ಲಾ ಪದ್ಧತಿ ಪ್ರಕಾರವೇ ಆಯಿತು. ಮರುದಿನ ಬೆಳಿಗ್ಗೆ ಇನ್ನೂ ಚಹಾ ಕುಡಿದಿರಲಿಲ್ಲ, ಪಕ್ಕದ ಮನೆಯವರು ಪೇಪರ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಮಾಸ್ತರ, ಎಷ್ಟು ಸಾಲ್ರೀ?"

ಸ್ಥಳೀಯ ಪತ್ರಿಕೆಯ 4ನೇ ಪುಟ. ತಲೆಬರಹ ದೊಡ್ಡದಾಗಿಯೇ ಇತ್ತು: "ನಿವೃತ್ತ ಶಿಕ್ಷಕರಿಗೆ ಸಾಲ ಹೊದಿಸಿ ಸನ್ಮಾನ." ಕೆಳಗೆ ನನ್ನ ಫೋಟೋ. ಮುಖ ಸಾಲ ಹೊತ್ತವನ ಹಾಗೇ ಇತ್ತು. ಅದರಲ್ಲಿ ಫೋಟೋ ತೆಗೆದವನ ತಪ್ಪಿಲ್ಲ, ನನ್ನ ಮುಖವೇ ಹಾಗೆ.

ಹೆಂಡತಿ ಓದಿ ಪೇಪರ್ ಮಡಚಿಟ್ಟಳು. "ಮಗಳ ಮದುವಿ ಸಾಲ ಸಾಲ್ದಂತ ಇದೊಂದು ಹೊಚ್ಗೊಂಡ ಬಂದ್ರೇನು?" ಹತ್ತು ಗಂಟೆಗೆ ಇಂಡಿಯಿಂದ ಭಾವಮೈದುನನ ಫೋನ್ ಬಂತು. "ಯಾವ ಬ್ಯಾಂಕ್ರಿ? ಬಡ್ಡಿ ಎಷ್ಟು? ನಮ್ಮ ಲಿಂಬಿ ತೋಟಕ್ಕೂ ಕೊಡ್ತಾರೇನು ಕೇಳ್ರಿ." ಅವನು ಪೂರ್ತಿ ಸೀರಿಯಸ್ಸಾಗಿಯೇ ಕೇಳುತ್ತಿದ್ದ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಡುತ್ತಿದ್ದರು. ನನಗೆ ಆಗಲಿಲ್ಲ. ಯಾಕೆಂದರೆ ಮಾಸ್ತರನಾಗುವ ಮೊದಲು ನಾನೂ ಅದೇ ಅಂಗಡಿಯವನು. 1985ರಲ್ಲಿ ಕಾಲೇಜು ಓದುತ್ತಲೇ ಎರಡು ವರ್ಷ ಗಾಂಧಿ ಚೌಕದ ಹತ್ತಿರದ ಒಂದು ಪ್ರೆಸ್ಸಿನಲ್ಲಿ ರಾತ್ರಿ ಹೊತ್ತು ಕರಡು ತಿದ್ದಿದ್ದೇನೆ. ಆಗ ಊರು ಬಿಜಾಪುರ. ನಾವು ಇಬ್ಬರು. ಒಬ್ಬ ಮೂಲ ಪ್ರತಿಯನ್ನು ಜೋರಾಗಿ ಓದಬೇಕು, ಇನ್ನೊಬ್ಬ ಗ್ಯಾಲಿ ಪ್ರೂಫ್, ಅಂದರೆ ತಪ್ಪು ನೋಡಲು ತೆಗೆದ ಕರಡು ಅಚ್ಚಿನ ಮೇಲೆ ಬೆರಳಿಟ್ಟುಕೊಂಡು ಹೋಗಬೇಕು. ಓದುವುದು ಅಂದರೆ ಸುಮ್ನೆ ಓದುವುದಲ್ಲ. "ಮುಖ್ಯಮಂತ್ರಿಗಳು ಕಾಮಾ ಸಚಿವರು ಕಾಮಾ ಅಧಿಕಾರಿಗಳು ಧ ಮಹಾಪ್ರಾಣ ಬಂದಿದ್ದರು ಪೂರ್ಣವಿರಾಮ." ರಾತ್ರಿ ಒಂದು ಗಂಟೆಗೆ ಮನೆಗೆ ಹೋಗಿ ಅವ್ವನ ಹತ್ತಿರವೂ "ಅವ್ವಾ ಕಾಮಾ ಊಟಕ್ಕ ಬಡಸು ಪೂರ್ಣವಿರಾಮ" ಅಂದದ್ದುಂಟು.

ನಮ್ಮಿಬ್ಬರಿಗಿಂತ ಜಾಸ್ತಿ ಹುಷಾರಿ ಇದ್ದದ್ದು ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸುವವರು. ಅಚ್ಚಿನ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಅವರು ಅದನ್ನು ತಲೆಕೆಳಗಾಗಿಯೇ ಸಲೀಸಾಗಿ ಓದುತ್ತಿದ್ದರು. ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಮೊಳೆ ಬೇಕು. ಒಂದೊಂದು ದಿನ ಒಂದು ಅಕ್ಷರ ಖಾಲಿಯಾಗುತ್ತಿತ್ತು. "ಸರ, ‘ಳ’ ಮುಗಿದಾವ, ‘ಮಳೆಗಾಳಿ’ ತಗದು ಬ್ಯಾರೆ ಏನರ ಬರೀರಿ" ಅನ್ನುತ್ತಿದ್ದರು. ಅವತ್ತಿನ ಪತ್ರಿಕೆಯಲ್ಲಿ ಮಳೆಗಾಳಿ ಬದಲು ‘ಪ್ರತಿಕೂಲ ಹವಾಮಾನ’ ಬಂದರೆ ಅದು ಭಾಷಾಶೈಲಿ ಅಲ್ಲ, ಸ್ಟಾಕ್ ಇಲ್ಲ ಅಂತ ಅರ್ಥ.

ಇಷ್ಟು ಹಿನ್ನೆಲೆ ಇಟ್ಟುಕೊಂಡು, ಬಗಲಲ್ಲಿ ಪೇಪರ್ ಹಿಡಿದು ಪತ್ರಿಕೆಯ ಆಫೀಸಿಗೆ ಹೋದೆ.

ಸುಮಾರು 24ರ ಒಬ್ಬ ಹುಡುಗ ಕೂತಿದ್ದ. ಎದುರಿಗೆ ಕಂಪ್ಯೂಟರ್, ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಅರ್ಧ ತಿಂದ ಮಿರ್ಚಿ ಭಜಿ. "ಕರಡು ತಿದ್ದುವವರು ಯಾರಪ್ಪಾ?" ಅಂದೆ. ಅವನು ನನ್ನನ್ನು ಮ್ಯೂಸಿಯಂನಿಂದ ಎದ್ದು ಬಂದವನ ಹಾಗೆ ನೋಡಿದ.

"ಸರ, ಸುದ್ದಿ ತರಾಂವ ನಾನs. ಫೋಟೋ ತಗಿಯಾಂವ ನಾನs. ಪೇಜ್ ಮಾಡಾಂವ, ವಿಡಿಯೋ ಹಾಕಾಂವ, ಜಾಹೀರಾತು ಕೇಳಾಂವ ಎಲ್ಲಾ ನಾನs. ತಿದ್ದಾಂವ ಯಾರ್ರೀ?"

ಆಮೇಲೆ ಗುಟ್ಟು ಹೊರಬಂತು. ನನ್ನ ಸುದ್ದಿಯನ್ನು ಅವನು ಟೈಪ್ ಮಾಡಿಯೇ ಇರಲಿಲ್ಲ. ಮೊಬೈಲಿಗೆ ಬಾಯಲ್ಲಿ ಹೇಳಿದ್ದ. ನಮ್ಮ ಕಡೆ ಶಾಲು ಅನ್ನುವುದಿಲ್ಲ, ಶಾಲ ಅನ್ನುತ್ತೇವೆ. ಮೊಬೈಲು ಅದನ್ನು ಸಾಲ ಅಂತ ಕೇಳಿಸಿಕೊಂಡಿದೆ. ಸಾಲದ ವಿಷಯ ಬಂದರೆ ಮೊಬೈಲಿಗೆ ಯಾವಾಗಲೂ ಕಿವಿ ಚುರುಕು, ದಿನಕ್ಕೆ ನಾಲ್ಕು ಫೋನ್ ಬರುವುದೂ ಅದಕ್ಕೇ ಅಲ್ವಾ.

ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇಳಿಯದಿರಲು ಕಾರಣ ಪರದೆಯ ಮೇಲಿದ್ದ ಪುಟ. ‘ಕಾರ್ಯಕ್ರಮ’ ಅನ್ನುವುದು ‘ಕಾಯ೯ಕ್ರಮ’ ಆಗಿತ್ತು. ಅದು ಅರ್ಕಾವತ್ತಲ್ಲ, ಕನ್ನಡದ ಒಂಬತ್ತು. ನೋಡಲು ಹಾಗೇ ಕಾಣುತ್ತದೆ ಅಂತ ಒಂಬತ್ತನ್ನೇ ಒತ್ತಿಬಿಡುತ್ತಾರೆ. ಅಧ್ಯಕ್ಷರು ‘ಅದಕ್ಷ’ರಾಗಿದ್ದರು. ಅದನ್ನು ನಾನು ತಿದ್ದಲು ಹೋಗಲಿಲ್ಲ, ಆ ಸಂಘ ನನಗೆ ಗೊತ್ತು. ಗೋಳಗುಮ್ಮಟ ಅದೇ ಪುಟದಲ್ಲಿ ಮೂರು ಕಡೆ ಇತ್ತು: ಒಮ್ಮೆ ಗೋಳಗುಮ್ಮಟ, ಒಮ್ಮೆ ಗೋಲ್‌ಗುಂಬಜ್, ಇನ್ನೊಮ್ಮೆ ಗೋಲಗುಮಟ. ಒಳಗೆ ನಿಂತು ಒಮ್ಮೆ ಕೂಗಿದರೆ ಏಳು ಸಲ ಕೇಳಿಸುವ ಕಟ್ಟಡ ಅದು. ಆದರೆ ಏಳು ಸಲವೂ ಒಂದೇ ಥರ ಕೇಳಿಸುತ್ತದೆ.

ದ್ರಾಕ್ಷಿ ಸುದ್ದಿಯ ಮುಂದೆ ಮಾತ್ರ ನಿಜವಾಗಿ ಗಾಬರಿಯಾಯಿತು. "ದ್ರಾಕ್ಷಿ ಬೆಲೆ ಕುಸಿತ." ಒಳಗೆ ಓದಿದರೆ ಕುಸಿದದ್ದು ಬೆಳೆ. ತಿಕೋಟಾ ಕಡೆಯ ರೈತ ಇದನ್ನು ಓದಿ, ಇನ್ನೂ ಇಳಿಯುವುದರೊಳಗೆ ಮಾರಿಬಿಡೋಣ ಅಂತ ಒಣದ್ರಾಕ್ಷಿ ಹೊರಗೆ ತೆಗೆದರೆ ಆ ‘ಲ’ಕಾರಕ್ಕೆ ಯಾರು ಹೊಣೆ? ಬೆಳೆ ಕಡಿಮೆಯಾದರೆ ಬೆಲೆ ಏರಬೇಕು. ಇದೊಂದನ್ನು ಹೇಳಿದೆ, ಹುಡುಗ ತಕ್ಷಣ ತಿದ್ದಿದ.

ಅದೇ ಪುಟದ ಕೆಳಗಿದ್ದ ಜಾಹೀರಾತು ನೋಡಿದೆ. ಒಂದು ಅಕ್ಷರ ಆಚೀಚೆ ಇಲ್ಲ. "ಇದನ್ಯಾರು ತಿದ್ದಿದ್ರಪ್ಪಾ?" "ಅಂಗಡಿಯವರs ಮೂರ್ ಸಲ ನೋಡಿ ಸಹಿ ಮಾಡ್ಯಾರ್ರೀ. ತಪ್ಪಾದ್ರ ರೊಕ್ಕಾ ಕೊಡಂಗಿಲ್ಲ." ಅಲ್ಲಿಗೆ ತಿಳಿಯಿತು. ತಪ್ಪಿನಿಂದ ರೊಕ್ಕ ಹೋಗುವ ಕಡೆ ಇವತ್ತೂ ಪ್ರೂಫ್ ನೋಡುತ್ತಾರೆ. 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಬೈಬಲ್ಲಿನಲ್ಲಿ ‘ಹಾದರ ಮಾಡಬೇಡ’ ಅನ್ನುವ ಆಜ್ಞೆಯಲ್ಲಿ ‘ಬೇಡ’ ಬಿದ್ದುಹೋಗಿತ್ತು. ಮುದ್ರಕರಿಗೆ 300 ಪೌಂಡ್ ದಂಡ ಹಾಕಿದರು. ನಮ್ಮಲ್ಲಿ ‘ಆದರದ ಸ್ವಾಗತ’ ಎಷ್ಟು ಸಲ ‘ಹಾದರದ ಸ್ವಾಗತ’ ಆಗಿದೆಯೋ, ಯಾರೂ ಒಂದು ರೂಪಾಯಿ ಕೇಳಿಲ್ಲ.

ರಾತ್ರಿ ಮಗನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವನು ಸಮಾಧಾನಕ್ಕೆ ಅಮೆರಿಕದ ಕಥೆ ತೆಗೆದ. ನ್ಯೂಯಾರ್ಕ್ ಟೈಮ್ಸ್ 1898ರ ಫೆಬ್ರವರಿಯಲ್ಲಿ 14,499ನೇ ಸಂಚಿಕೆಯ ಮರುದಿನ 14,500 ಅನ್ನುವ ಬದಲು 15,000 ಅಂತ ಹಾಕಿತಂತೆ. ತಿದ್ದಿದ್ದು 2000ದ ಜನವರಿ 1ಕ್ಕೆ. ನೂರು ವರ್ಷ ದಿನಾ ತಪ್ಪು ನಂಬರ್! ಸುದ್ದಿ ತಿದ್ದುವುದಕ್ಕೇ ಅಷ್ಟು ದೊಡ್ಡ ಕಾಪಿ ಡೆಸ್ಕ್ ಇಟ್ಟುಕೊಂಡೂ ಹೀಗೆ. "ಆ ಡೆಸ್ಕೂ ಈಗಿಲ್ಲಪ್ಪಾ, 2017ರಾಗ ತಗದ್ರು" ಅಂದ. ಇದನ್ನು ಕೇಳಿ ಸಮಾಧಾನ ಹೇಗಾಗಬೇಕೋ ತಿಳಿಯಲಿಲ್ಲ.

ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ ಮಾಡುತ್ತೇವೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಹೊರಬಂದದ್ದು 1843ರ ಆ ದಿನ. ವರದಿಗಾರರು, ಸಂಪಾದಕರು, ಪೇಪರ್ ಹಾಕುವ ಹುಡುಗರು, ಎಲ್ಲರಿಗೂ ಸನ್ಮಾನ ಆಗುತ್ತದೆ. ಕರಡು ತಿದ್ದಿದವನಿಗೆ ಒಂದು ಶಾಲು ಹೊದಿಸಿದ್ದನ್ನು ನಾನಂತೂ ನೋಡಿಲ್ಲ. ಸಾಲ ಮಾತ್ರ ಹೊದಿಸಿದರು.

ಹುಡುಗ ಒಳ್ಳೆಯವನು. ಮಾತು ಕೊಟ್ಟಂತೆ ಮರುದಿನ ತಿದ್ದುಪಡಿ ಹಾಕಿದ. 4ನೇ ಪುಟದ ಮೂಲೆಯಲ್ಲಿ, ಒಂದು ಬಾಕ್ಸಿನಲ್ಲಿ: "ನಿನ್ನೆಯ ಸಂಚಿಕೆಯಲ್ಲಿ ‘ಸಾಲ ಹೊದಿಸಿ’ ಎಂದು ತಪ್ಪಾಗಿ ಪ್ರಕಟವಾಗಿದೆ. ಅದನ್ನು ‘ಶಾಲೆ ಹೊದಿಸಿ’ ಎಂದು ಓದಿಕೊಳ್ಳಬೇಕು. ಪ್ರಮಾದಕ್ಕೆ ವಿಷಾದಿಸುತ್ತೇವೆ."

ಇದಕ್ಕೆ ತಕರಾರು ಮಾಡಲು ನನಗೆ ಮನಸ್ಸಾಗಲಿಲ್ಲ. 33 ವರ್ಷ ಹೊತ್ತದ್ದು ಅದನ್ನೇ.

ಆದರೂ ಮನೆಯಲ್ಲಿ ಎರಡು ದಿನ ಅದೇ ಮಾತು. ನಮ್ಮ ಕಾಲದಲ್ಲಿ ಹೀಗಿರಲಿಲ್ಲ, ನಮ್ಮ ಕಣ್ಣು ತಪ್ಪಿಸಿ ಒಂದು ಕೊಂಬು ಹೋಗುತ್ತಿರಲಿಲ್ಲ, ಇತ್ಯಾದಿ. ಮೂರನೆಯ ದಿನ ಹೆಂಡತಿ ಏನೂ ಮಾತಾಡದೆ ಅಲ್ಮೇರಾದಿಂದ ಮಗಳ ಮದುವೆ ಕಾರ್ಡ್ ತಂದು ನನ್ನ ಮುಂದಿಟ್ಟಳು. ಆ ಕಾರ್ಡಿನ ಕರಡನ್ನು ಬೇರೆ ಯಾರ ಕೈಗೂ ಕೊಡದೆ ಮೂರು ಸಲ ನಾನೇ ತಿದ್ದಿದ್ದೆ. ಬಣ್ಣ, ಗಣಪತಿ, ಮುಹೂರ್ತ ಎಲ್ಲ ಸರಿ ಇತ್ತು. ಕೆಳಗೆ, ನಮ್ಮಿಬ್ಬರ ಹೆಸರಿನ ಮೇಲೆ, ದಪ್ಪ ಅಕ್ಷರದಲ್ಲಿ: "ತಮ್ಮ ಗಮನಾಭಿಲಾಷಿಗಳು."

ಆಗಮನದ ‘ಆ’ ಇರಲಿಲ್ಲ. ನೀವು ಯಾವಾಗ ಹೋಗುತ್ತೀರಿ ಅಂತ ಕಾಯುತ್ತಿದ್ದೇವೆ ಅಂತ 800 ಮನೆಗೆ ಕೈಮುಗಿದು ಹಂಚಿ ಬಂದಿದ್ದೇವೆ. ಆರು ವರ್ಷದಿಂದ ಇವಳಿಗೆ ಗೊತ್ತಿತ್ತು, ಹೇಳಿರಲಿಲ್ಲ.

ಜೇಬಿನಿಂದ ಕೆಂಪು ಪೆನ್ನು ತೆಗೆದು, ಒಂದು ಗೆರೆ ಎಳೆದು, ಪಕ್ಕದಲ್ಲಿ ಚೊಕ್ಕವಾಗಿ ‘ಆ’ ಬರೆದೆ.

ಹೆಂಡತಿ ಬಗ್ಗಿ ನೋಡಿದಳು. "ಒಂದಾತು. ಇನ್ನ ಏಳನೂರಾ ತೊಂಬತ್ತೊಂಬತ್ತು ಉಳದಾವ ನೋಡ್ರಿ."