ನಮ್ಮ ಶಾಲೆಗಳಿಗೆ ನರ್ಸ್ ಬೇಕು

ಬೆಂಗಳೂರಿನ ದೊಡ್ಡ ಖಾಸಗಿ ಶಾಲೆಗಳಲ್ಲಿ ಸಿಕ್ ರೂಮ್ ಇರುತ್ತದೆ, ಅಲ್ಲೊಂದು ಮಂಚ, ಒಬ್ಬರು ನರ್ಸ್. ಸರ್ಕಾರಿ ಶಾಲೆಗಳಲ್ಲಿ ಎಚ್‌ಎಂ ರೂಮಿನ ಬೀರುವಿನಲ್ಲಿ ಒಂದು ಪ್ರಥಮ ಚಿಕಿತ್ಸೆ ಡಬ್ಬಿ ಇದ್ದರೆ ಅದೇ ದೊಡ್ಡದು. ಜ್ವರ ಬಂದರೆ ಮನೆಗೆ ಫೋನ್, ಬಿದ್ದು ಗಾಯ ಆದರೆ ಪಕ್ಕದ ಕ್ಲಿನಿಕ್. ಅಷ್ಟಕ್ಕೆ ನರ್ಸ್ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ನಾನು ನರ್ಸಿಂಗ್ ಪಾಠ ಮಾಡುವವಳು. ವಿದ್ಯಾರ್ಥಿನಿಯರನ್ನು ಪೀಣ್ಯ, ಲಗ್ಗೆರೆ ಕಡೆಯ ಶಾಲೆಗಳಿಗೆ ಪೋಸ್ಟಿಂಗ್‌ಗೆ, ಅಂದರೆ ತರಬೇತಿಗೆ, ಕರೆದುಕೊಂಡು ಹೋಗುತ್ತಿರುತ್ತೇನೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಕಣ್ಣಿನ ಪರೀಕ್ಷೆಗೆ ನಮಗೆ ಬೇಕಾಗಿದ್ದು 6 ಮೀಟರ್ ಜಾಗ. ಶಾಲೆಯ ವರಾಂಡದಲ್ಲೇ ಅಳೆದು, ಗೋಡೆಗೆ ಚಾರ್ಟ್ ಅಂಟಿಸುತ್ತೇವೆ. ಇಂಗ್ಲಿಷಿನ 'ಇ' ಅಕ್ಷರ ನಾಲ್ಕೂ ದಿಕ್ಕಿಗೆ ತಿರುಗಿರುವ ಚಾರ್ಟ್ ಅದು. ಓದಲು ಬರಬೇಕೆಂದೇನಿಲ್ಲ, ಅಕ್ಷರ ಯಾವ ಕಡೆ ಬಾಯಿ ತೆರೆದಿದೆ ಅಂತ ಕೈಯಲ್ಲಿ ತೋರಿಸಿದರೆ ಸಾಕು. ಒಬ್ಬ ಐದನೇ ಕ್ಲಾಸಿನ ಹುಡುಗ ಒಂದು ಕಣ್ಣು ಮುಚ್ಚಿಕೊಂಡು ನಿಂತ. ಮೊದಲ ಸಾಲು ತೋರಿಸಿದ. ಎರಡನೇ ಸಾಲಿಗೆ ಕತ್ತು ಮುಂದಕ್ಕೆ ಚಾಚಿದ, ಬೆರಳ ಸಂದಿಯಲ್ಲಿ ಮುಚ್ಚಿದ ಕಣ್ಣಿಂದಲೂ ಇಣುಕಿದ, ಆಮೇಲೆ ಹಿಂದೆ ನಿಂತವನ ಮುಖ ನೋಡಿದ. "ಬೋರ್ಡ್ ನೋಡಿ ಬರೆಯೋದೇ ಇಲ್ಲ ಮೇಡಂ, ಯಾವಾಗಲೂ ಪಕ್ಕದವನ ನೋಟ್ಸ್ ನೋಡ್ತಾನೆ. ಸೋಮಾರಿ" ಅಂದರು ಅವನ ಮಿಸ್. ಅವರದೇನೂ ತಪ್ಪಿಲ್ಲ. ಅಷ್ಟು ಮಕ್ಕಳ ನಡುವೆ ಇವನಿಗೆ ಬೋರ್ಡೇ ಕಾಣುತ್ತಿಲ್ಲ ಅಂತ ಹೇಗೆ ಗೊತ್ತಾಗಬೇಕು?

ಹಾಗಂತ ಸರ್ಕಾರ ಏನೂ ಮಾಡುತ್ತಿಲ್ಲ ಅಂತಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರುವ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಒಳ್ಳೆಯ ಯೋಜನೆ. ತೊಂದರೆ ಇದ್ದ ಮಕ್ಕಳಿಗೆ ಚೀಟಿ ಬರೆದುಕೊಟ್ಟು, ದೊಡ್ಡಾಸ್ಪತ್ರೆಗೆ ಹೋಗಿ ಅನ್ನುತ್ತಾರೆ. ನಾನು ನೋಡಿದಂತೆ ಎಷ್ಟೋ ಚೀಟಿಗಳು ಬ್ಯಾಗಿನ ತಳದಲ್ಲೇ ಉಳಿದುಬಿಡುತ್ತವೆ. ಯಾಕೆ ಅಂದರೆ ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಿಂಟೋ ಕಣ್ಣಿನ ಆಸ್ಪತ್ರೆಗೆ ಅಂತ ರಜೆ ಹಾಕಿದರೆ ಸಂಬಳಕ್ಕೆ ಕತ್ತರಿ. ಲಗ್ಗೆರೆಯಿಂದ ಕೆ.ಆರ್. ಮಾರ್ಕೆಟ್ ಹತ್ತಿರ ಹೋಗಿ, ಸಾಲಲ್ಲಿ ನಿಂತು, ಕನ್ನಡಕಕ್ಕೆ ಮತ್ತೊಂದು ದಿನ ಹೋಗಬೇಕು. ಮಗು ಅಳುತ್ತಿಲ್ಲ, ಜ್ವರ ಇಲ್ಲ. ಮುಂದಿನ ತಿಂಗಳು ನೋಡೋಣ ಅಂತ ಆಗಿಬಿಡುತ್ತದೆ. ಆ ಮುಂದಿನ ತಿಂಗಳು ಶಾಲೆ ಗೇಟಿನಲ್ಲಿ ಅಮ್ಮನನ್ನು ನಿಲ್ಲಿಸಿ "ಅಕ್ಕಾ, ಹೋಗಿದ್ರಾ?" ಅಂತ ಕೇಳುವವರು ಯಾರು? ನನ್ನ ಮಾತೆಲ್ಲ ಇದೇ ಜಾಗದ ಬಗ್ಗೆ. ಕಾಯಿಲೆ ಕಂಡುಹಿಡಿಯುವುದಕ್ಕೂ ವಾಸಿಯಾಗುವುದಕ್ಕೂ ನಡುವೆ ಯಾರೂ ಇಲ್ಲ.

ಕಬ್ಬಿಣಾಂಶದ ಮಾತ್ರೆಯ ಕಥೆಯೂ ಇದೇ. ರಕ್ತಹೀನತೆ ತಡೆಯಲು ಶಾಲೆಯಲ್ಲಿ ವಾರಕ್ಕೊಂದು ಮಾತ್ರೆ ಕೊಡುತ್ತಾರೆ, ಚಿಕ್ಕ ಮಕ್ಕಳಿಗೆ ಗುಲಾಬಿ, ದೊಡ್ಡವರಿಗೆ ನೀಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಆದರೂ ಮಾತ್ರೆ ಕಾಂಪೌಂಡಿನ ಆಚೆ ಬಿದ್ದಿರುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಕೇಳಿದರೆ ಕಾರಣ ಸಿಗುತ್ತದೆ. ಖಾಲಿ ಹೊಟ್ಟೆಯಲ್ಲಿ ತಗೊಂಡು ಹೊಟ್ಟೆ ತೊಳಸಿದೆ. ಇಲ್ಲವೇ ಮಲ ಕಪ್ಪಗಾಗಿ ಹೆದರಿದ್ದಾರೆ, ಮನೆಯಲ್ಲಿ ಅಜ್ಜಿ "ಬ್ಯಾಡ, ಬಿಸಾಕು" ಅಂದಿದ್ದಾರೆ. ಬಿಸಿಯೂಟ ಆದಮೇಲೆ ತಗೋ, ಕಪ್ಪಗಾಗುವುದು ಸಹಜ, ಜೊತೆಗೆ ಟೀ ಬೇಡ, ನಿಂಬೆಹಣ್ಣು ಒಳ್ಳೆಯದು. ಇಷ್ಟು ಹೇಳಲು ಐದು ನಿಮಿಷ ಸಾಕು. ಆದರೆ ಗೊತ್ತಿರುವವರು ಹೇಳಬೇಕು, ಪ್ರತಿ ವಾರ ಹೇಳಬೇಕು.

ಹೆಣ್ಣುಮಕ್ಕಳ ಇನ್ನೊಂದು ವಿಷಯ ಇದೆ. ಶಾಲೆಯ ಟಾಯ್ಲೆಟ್ ಸರಿ ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಉರಿಮೂತ್ರ ಬಂದರೆ ಯಾರಿಗೂ ಹೇಳುವುದಿಲ್ಲ. ಗಂಡು ಮೇಷ್ಟ್ರಿಗಂತೂ ಸಾಧ್ಯವೇ ಇಲ್ಲ. ನನ್ನ ವಿದ್ಯಾರ್ಥಿನಿಯರಿಗೆ ಹೇಳುತ್ತಾರೆ, ಅದೂ ಕಿವಿಯಲ್ಲಿ. ನಾವು ಪೋಸ್ಟಿಂಗ್ ಮುಗಿಸಿ ಹೊರಟುಬಿಡುತ್ತೇವೆ. ಆಮೇಲೆ ಅವರು ಯಾರಿಗೆ ಹೇಳಬೇಕು?

ಫಿಟ್ಸ್ ಬಂದ ಮಗುವಿನ ಕೈಗೆ ಇವತ್ತಿಗೂ ಬೀಗದ ಕೈ ಹಿಡಿಸುತ್ತಾರೆ. ಮಾಡಬೇಕಾದ್ದು ಒಂದು ಮಗ್ಗುಲಿಗೆ ಮಲಗಿಸುವುದು, ಬಾಯಿಗೆ ಏನೂ ಹಾಕದಿರುವುದು, ಗಡಿಯಾರ ನೋಡುವುದು. ಐದು ನಿಮಿಷ ದಾಟಿದರೆ ಆಸ್ಪತ್ರೆ.

ಶಾಲಾ ನರ್ಸ್ ಅನ್ನುವುದು ಹೊಸ ಯೋಚನೆ ಏನಲ್ಲ. 1902ರಲ್ಲಿ ನ್ಯೂಯಾರ್ಕಿನಲ್ಲಿ ಕಣ್ಣುಬೇನೆ, ಹೇನು, ಕಜ್ಜಿ ಇದ್ದ ಮಕ್ಕಳನ್ನು ವೈದ್ಯರು ಶಾಲೆಯಿಂದ ಮನೆಗೆ ಕಳಿಸುತ್ತಿದ್ದರು. ಮನೆಗೆ ಹೋದ ಮಕ್ಕಳಿಗೆ ಔಷಧಿ ಹಾಕುವವರು ಇರಲಿಲ್ಲ, ಶಾಲೆಗೂ ಬರುವಂತಿರಲಿಲ್ಲ. ಆಗ ಬಡವರ ಮನೆಗಳಿಗೆ ನರ್ಸ್‌ಗಳನ್ನು ಕಳಿಸುತ್ತಿದ್ದ ಲಿಲಿಯನ್ ವಾಲ್ಡ್ ತಮ್ಮ ಸಂಸ್ಥೆಯ ನರ್ಸ್ ಲೀನಾ ರೋಜರ್ಸ್ ಅವರನ್ನು ನಾಲ್ಕು ಶಾಲೆಗಳಿಗೆ ಒಂದು ತಿಂಗಳ ಪ್ರಯೋಗಕ್ಕೆ ಕಳಿಸಿದರು. ರೋಜರ್ಸ್ ಶಾಲೆಯಲ್ಲೇ ಔಷಧಿ ಹಚ್ಚಿದರು, ಮನೆಗೆ ಹೋಗಿ ತಾಯಂದಿರಿಗೆ ಹೇಳಿಕೊಟ್ಟರು. ಮಕ್ಕಳ ಗೈರುಹಾಜರಿ ಇಳಿಯಿತು. ಅಲ್ಲಿನ ಆಡಳಿತ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿಕೊಂಡಿತು.

ಬೆಂಗಳೂರಿನಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವೇ? ಇಲ್ಲಿ ಓದಿದ ಹುಡುಗಿಯರು ಗಲ್ಫ್‌ಗೆ, ಇಂಗ್ಲೆಂಡಿಗೆ, ಜರ್ಮನಿಗೆ ಹೋಗುತ್ತಾರೆ. ಹೋಗಲಿ, ಚೆನ್ನಾಗಿರಲಿ. ಆದರೆ ಅಮ್ಮನ ಹತ್ತಿರ ಇಲ್ಲೇ ಇರಬೇಕು ಅನ್ನುವವರೂ ಇದ್ದಾರೆ, ಅವರಿಗೆ ಸಿಗುತ್ತಿರುವ ಸಂಬಳ ನೋಡಿದರೆ ಸಂಕಟ ಆಗುತ್ತದೆ. ಪ್ರತಿ ಶಾಲೆಗೆ ಒಬ್ಬರು ಆಗದಿದ್ದರೆ, ಒಂದು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಒಂದು ಗುಂಪಿನ, ಶಾಲೆಗಳಿಗೆ ಒಬ್ಬರನ್ನು ಕೊಡಿ. ವಾರಕ್ಕೊಮ್ಮೆ ಅದೇ ಮುಖ ಅದೇ ಶಾಲೆಗೆ ಬರಲಿ. ವಾರ್ಡುಗಳಲ್ಲಿ ಸರ್ಕಾರದ 'ನಮ್ಮ ಕ್ಲಿನಿಕ್'ಗಳು ಬಂದಿವೆಯಲ್ಲ, ಅವುಗಳ ಜೊತೆ ಜೋಡಿಸಿ. ಕೆಲಸ ಕಾಯಂ ಇರಲಿ, ಸಂಬಳ ಮರ್ಯಾದೆಯಾಗಿರಲಿ. ಆರು ತಿಂಗಳಿಗೊಮ್ಮೆ ನರ್ಸ್ ಬದಲಾದರೆ ಯಾವ ಮಗು ತಾನೇ ಕಿವಿಯಲ್ಲಿ ಹೇಳೀತು?

ಪೋಷಕರಿಗೆ ಒಂದು ಮಾತು. ಮುಂದಿನ ಸಭೆಯಲ್ಲಿ ಮಾರ್ಕ್ಸ್ ಜೊತೆ ಇದನ್ನೂ ಕೇಳಿ: ಈ ವರ್ಷ ನನ್ನ ಮಗುವಿನ ಕಣ್ಣು ಪರೀಕ್ಷೆ ಆಯ್ತಾ? ವ್ಹೀಜಿಂಗ್ (ಉಬ್ಬಸ) ಶುರುವಾದರೆ ಇನ್ಹೇಲರ್ ಕೊಡುವವರು ಯಾರು? ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇರುವವರು ಇದನ್ನು ನಡಾವಳಿಯಲ್ಲಿ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿಗೆ ಒಂದು ಪ್ರತಿ ಕಳಿಸಿ.