ಮುನ್ನೂರು ರೂಪಾಯಿಯ ಸಮಾನತೆ

ಹನ್ನೊಂದು ತಿಂಗಳು 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300 ರೂಪಾಯಿ ವೃತ್ತಿ ತೆರಿಗೆಯನ್ನು ಸಂಬಳದಿಂದ ಮುರಿದುಕೊಳ್ಳಬೇಕೆಂದು ನಮ್ಮ ರಾಜ್ಯ ಸರ್ಕಾರ 2025ರಲ್ಲಿ ತಂದ ತಿದ್ದುಪಡಿಯನ್ನು ಎಷ್ಟು ಹೊಗಳಿದರೂ ಸಾಲದು. ವರ್ಷಕ್ಕೆ 2,400 ರೂಪಾಯಿ ಬರುತ್ತಿತ್ತು, ಸಂವಿಧಾನ 2,500ರವರೆಗೆ ಅವಕಾಶ ಕೊಟ್ಟಿತ್ತು, ನಡುವಿನ ನೂರನ್ನು ಬಿಡಲು ಖಜಾನೆಗೆ ಮನಸ್ಸಾಗಲಿಲ್ಲ. ಆ ನೂರರ ವಸೂಲಿಗೆ ಆರಿಸಿಕೊಂಡದ್ದು, ವರ್ಷದಲ್ಲೇ ಅತಿ ಕಡಿಮೆ ದಿನಗಳಿರುವ ಮತ್ತು ಆದಾಯ ತೆರಿಗೆಯ ಬಾಕಿಯೆಲ್ಲ ಕಡಿತವಾಗಿ ಸಂಬಳ ಬಡಕಲಾಗಿರುವ ತಿಂಗಳನ್ನು. ಇಂಥ ಸೂಕ್ಷ್ಮದೃಷ್ಟಿ ಎಲ್ಲರಿಗೂ ಬರುವಂಥದ್ದಲ್ಲ.

ಆದರೆ ಈ ತೆರಿಗೆಯ ನಿಜವಾದ ಸೊಬಗು ಅದರ ಸಮಾನತೆಯಲ್ಲಿದೆ. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ತಿಂಗಳಿಗೆ 25,000 ರೂಪಾಯಿ ಎಣಿಸುವ, ಲೆಕ್ಕ ಬರೆಯುವ ರೈಟರ್ ಕಟ್ಟುವುದೂ ಅಷ್ಟೇ, 5 ಲಕ್ಷ ಎಣಿಸುವ ಕಂಪನಿ ಅಧಿಕಾರಿ ಕಟ್ಟುವುದೂ ಅಷ್ಟೇ. ರೈಟರನ ವರ್ಷದ ಗಳಿಕೆಯಲ್ಲಿ ಅದು ಶೇ. 0.83ರಷ್ಟಾದರೆ ಅಧಿಕಾರಿಯ ಗಳಿಕೆಯಲ್ಲಿ ಶೇ. 0.04ರಷ್ಟು. 250 ರೂಪಾಯಿ ಇದ್ದ ಮಿತಿಯನ್ನು 2,500ಕ್ಕೆ ಏರಿಸಿದ್ದು 1988ರ 60ನೇ ತಿದ್ದುಪಡಿ. ಅಲ್ಲಿಂದೀಚೆಗೆ ಕಾಫಿಯ ಧಾರಣೆ ಏರಿತು, ನೆಲಕಚ್ಚಿತು, ಮತ್ತೆ ಏರಿತು, ಆ ಮಿತಿ ಮಾತ್ರ ಅಲುಗಲಿಲ್ಲ. ಆದಾಯದ ಅಸಮಾನತೆಯನ್ನು ತಗ್ಗಿಸಲು ಸರ್ಕಾರ ಶ್ರಮಿಸಬೇಕೆಂಬ ಮಾತೂ 1978ರಲ್ಲಿ ಇದೇ ಸಂವಿಧಾನದ 38ನೇ ವಿಧಿಗೆ ಸೇರಿದೆ. ವೃತ್ತಿ ತೆರಿಗೆಯ ಮಿತಿ ಇರುವುದು 276ನೇ ವಿಧಿಯಲ್ಲಿ. ನಡುವೆ ಇನ್ನೂರಕ್ಕೂ ಹೆಚ್ಚು ವಿಧಿಗಳಿರುವುದರಿಂದ ಅಲ್ಲಿನ ಮಾತು ಇಲ್ಲಿಗೆ ಕೇಳಿಸದಿದ್ದರೆ ಯಾರನ್ನು ದೂರುವುದು?

ಹಾರ್ವರ್ಡಿನ ಜಾನ್ ರಾಲ್ಸ್ ಎಂಬ ತತ್ತ್ವಜ್ಞಾನಿ 1971ರಲ್ಲಿ ಒಂದು ಉಪಾಯ ಹೇಳಿದ್ದರು. ಸಮಾಜದ ನಿಯಮಗಳನ್ನು ರೂಪಿಸುವವರು ತಾವು ಯಾರ ಮನೆಯಲ್ಲಿ ಹುಟ್ಟಲಿದ್ದೇವೆಂದು ತಿಳಿಯದಂತೆ ಅಜ್ಞಾನದ ಪರದೆಯ ಹಿಂದೆ ಕುಳಿತು ಯೋಚಿಸಲಿ, ಆಗ ಎಲ್ಲರಿಗಿಂತ ಕೆಳಗಿರುವವನಿಗೆ ಹಿತವಾಗುವಂಥ ಅಸಮಾನತೆಯನ್ನು ಮಾತ್ರ ಅವರು ಒಪ್ಪುತ್ತಾರೆ ಎಂಬುದು ಅವರ ವಾದ. ಮೂಡಿಗೆರೆ ಕಡೆಯ ಯಾವುದಾದರೂ ಬಂಗಲೆಯ ಜಗಲಿಯಲ್ಲಿ ಈ ಪರದೆಯನ್ನೊಮ್ಮೆ ಕಟ್ಟಿ ನೋಡಬೇಕು. ನಾಳೆ ಬೆಳಗ್ಗೆ ತಾನು ಬಂಗಲೆಯಲ್ಲಿ ಏಳುತ್ತೇನೋ, ಕೂಲಿಯವರ ಲೈನುಮನೆಯಲ್ಲಿ ಎದ್ದು ಸಂಜೆ ಹಣ್ಣಿನ ಚೀಲ ಹೊತ್ತು ತೂಕದ ಮುಂದೆ ಸಾಲು ನಿಲ್ಲುತ್ತೇನೋ ತಿಳಿಯದ ಧಣಿಗಳು ಎಂಥ ತೆರಿಗೆಯನ್ನು ಬರೆದಾರು? ಈಗಿರುವುದನ್ನಂತೂ ಬರೆಯಲಾರರು. ಈಗ ಕಾಫಿಯನ್ನು ಒಣಗಿಸಿ ಹಾಗೆಯೇ ಮಾರಿದರೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ; ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ತೆಗೆಸಿ ಬೀಜ ಹಸನು ಮಾಡಿಸಿ ಮಾರಿದರೆ ಆದಾಯದ ಶೇ. 25ರಷ್ಟು, ಹುರಿದು ಪುಡಿ ಮಾಡಿ ಮಾರಿದರೆ ಶೇ. 40ರಷ್ಟು ಭಾಗ ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಎರಡೆಕರೆಯವನಿಗೂ ಇನ್ನೂರೆಕರೆಯವನಿಗೂ ಇದೇ ನಿಯಮ. ದೇವರ ಹೆಸರಿನಲ್ಲಿ ಪೂಜಾರಿ ಉಂಡಂತೆ, ವಿನಾಯಿತಿ ಕೇಳುವಾಗ ಮುಂದೆ ನಿಲ್ಲಿಸುವುದು ಎರಡೆಕರೆಯವನನ್ನು.

ರಾಲ್ಸ್ ಅವರ ವಿಭಾಗದಲ್ಲೇ ಇದ್ದ ರಾಬರ್ಟ್ ನೋಜಿಕ್ ಮೂರು ವರ್ಷಗಳ ನಂತರ ಉತ್ತರ ಕೊಟ್ಟರು: ದುಡಿಮೆಯ ಗಳಿಕೆಗೆ ತೆರಿಗೆ ಹಾಕುವುದು ಬಲವಂತದ ದುಡಿಮೆಗೆ ಸಮ. ಮಲೆನಾಡಿನಲ್ಲಿ ಬಿಟ್ಟಿ ಚಾಕರಿ ಮಾಡಿದವರ ಮೊಮ್ಮಕ್ಕಳು ಇನ್ನೂ ಇದ್ದಾರೆ. ಅವರನ್ನು ಒಂದು ಮಾತು ಕೇಳಿ ಬರೆಯಬಹುದಿತ್ತು.

ನಮ್ಮ ದೆಹಲಿಯವರು ಇಬ್ಬರನ್ನೂ ಓದುವ ಗೋಜಿಗೆ ಹೋಗದೆ ಕೆಲಸ ಮುಗಿಸಿದ್ದಾರೆ. ಸತ್ತವರ ಆಸ್ತಿಯ ಮೇಲಿನ ಸುಂಕ 1985ರಲ್ಲಿ ಹೋಯಿತು. ಸಂಪತ್ತು ತೆರಿಗೆ 2015ರ ಬಜೆಟ್ಟಿನಲ್ಲಿ ಹೋಯಿತು. ಕಂಪನಿಗಳ ತೆರಿಗೆ 2019ರಲ್ಲಿ ಶೇ. 30ರಿಂದ 22ಕ್ಕೆ ಇಳಿಯಿತು. 5 ಕೋಟಿ ಮೀರಿದ ಆದಾಯದ ಗರಿಷ್ಠ ದರ 2023ರಲ್ಲಿ, ದರವೂ ವಿನಾಯಿತಿಯೂ ಕಡಿಮೆಯಿರುವ ಹೊಸ ಪದ್ಧತಿಯಡಿ, ಶೇ. 42.74ರಿಂದ 39ಕ್ಕೆ ಇಳಿಯಿತು. ಪ್ರತಿಸಲವೂ ಹೂಡಿಕೆ, ಉತ್ತೇಜನ, ಸರಳೀಕರಣ ಎಂಬ ಅದೇ ಮಾತುಗಳು. ಇದನ್ನು ಲೇವಡಿ ಮಾಡುವ ಉತ್ಸಾಹವೂ ಈಗ ಉಳಿದಿಲ್ಲ. ಇರುವವನಿಗೆ ಇನ್ನಷ್ಟು ಬಿಟ್ಟುಕೊಡುತ್ತಾರೆ, ಸಂಬಳದವನ ಬಳಿ ಕೇಳದೆಯೇ ಮುರಿದುಕೊಳ್ಳುತ್ತಾರೆ, ಅಷ್ಟೇ.

1973-74ರಲ್ಲಿ ಗರಿಷ್ಠ ತೆರಿಗೆ ಶೇ. 97.75 ಇತ್ತೆಂದು ಇಂದಿಗೂ ನಕ್ಕು ಹೇಳಿಕೊಳ್ಳುವವರಿದ್ದಾರೆ. ಅವರು ಹಾಸನದ ಸರ್ಕಾರಿ ಕಾಲೇಜಿನ ಅಧ್ಯಾಪಕರೊಬ್ಬರ, ಹೊಸ ಪದ್ಧತಿಯ 2025-26ರ ಲೆಕ್ಕವನ್ನು ನೋಡಲಿ. ಕಡಿತಗಳೆಲ್ಲ ಕಳೆದು ತೆರಿಗೆಗೆ ಒಳಪಡುವ ಆದಾಯ 12 ಲಕ್ಷವಾದರೆ ಅವರು ಕಟ್ಟಬೇಕಾದ್ದು ಏನೂ ಇಲ್ಲ. ತುಟ್ಟಿಭತ್ಯೆ ಏರಿ ಅದು 12,10,000 ಆಯಿತೆನ್ನಿ: 12 ಲಕ್ಷ ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ಕೊಡುವ ರಿಯಾಯಿತಿಯ ನಂತರವೂ ತೆರಿಗೆ 10,000, ಅದರ ಮೇಲೆ ಶೇ. 4ರ ಸೆಸ್ 400. ಹತ್ತು ಸಾವಿರ ಹೆಚ್ಚು ಗಳಿಸಿದ್ದಕ್ಕೆ ಹತ್ತು ಸಾವಿರದ ನಾನೂರು ದಂಡ, ಅಂದರೆ ಶೇ. 104. ಹೊಸ ಪದ್ಧತಿಯಲ್ಲಿ ವೃತ್ತಿ ತೆರಿಗೆಯನ್ನು ಆದಾಯದಿಂದ ಕಳೆಯುವಂತೆಯೂ ಇಲ್ಲವಾದ್ದರಿಂದ, ಕಟ್ಟಿದ ತೆರಿಗೆಯನ್ನೂ ಗಳಿಕೆಯೆಂದೇ ಎಣಿಸಿ ಅದರ ಮೇಲೆ ಇನ್ನೊಂದು ತೆರಿಗೆ ಹಾಕುತ್ತಾರೆ. ಭತ್ಯೆ ಏರಿಸಬೇಡಿ ಎಂದು ಬೇಡಿಕೊಳ್ಳೋಣವೆಂದರೆ, ನಮೂನೆಗಳಿಗೆ ಬರವಿಲ್ಲದ ಈ ದೇಶದಲ್ಲಿ ಆ ಅರ್ಜಿಗೆ ಮಾತ್ರ ಇನ್ನೂ ಯಾರೂ ನಮೂನೆ ಅಚ್ಚು ಹಾಕಿಸಿಲ್ಲ.